ನಾಳೆಗನ್ನಡಿ

ಮಣ್ಣಾದ ಮೂರನೆಯ ದಿನ ನಂಟರೆಲ್ಲ ಊರಿಗೆ ಹೋದರು. ನಾಲ್ಕನೆಯ ಬೆಳಿಗ್ಗೆ ಧಾರವಾಡದ ಆ ಓಣಿಗೆ ನಳದ ನೀರು ಬರುವ ಸರದಿ. ಮಂದಾಕಿನಿ ಕೊಡ ತುಂಬುತ್ತ ನಿಂತಿದ್ದಾಗ ಫೋನಿಗೆ ಸಂದೇಶ ಬಂತು.

“ಆರೂಢ ಹಂಚಿನಮನಿ ಅವರ ರಜೆ ಮಂಜೂರಾಗಿದೆ. ವೈಶಾಖ ಹನ್ನೆರಡರಿಂದ ಹದಿನೈದು. ಕಾರಣ: ಪತ್ನಿಯೊಂದಿಗೆ ದಾಂಡೇಲಿ.”

ಮಣ್ಣಾದವನು ಅವಳ ಗಂಡ ಆರೂಢನೇ. ವೈಶಾಖಕ್ಕೆ ಇನ್ನೂ ಮೂರು ತಿಂಗಳಿತ್ತು. ಕೊಡ ತುಂಬಿ ಹರಿಯಿತು.

ಬರುವ ಚೈತ್ರದಿಂದ ಸರಕಾರದ ದಿನಗಣನೆ, ಹಣ ಎರಡೂ ಬದಲಾಗಲಿದ್ದವು. ಜನವರಿ, ಫೆಬ್ರವರಿ ಹೋಗಿ ಚೈತ್ರ, ವೈಶಾಖ. ಹಳೆಯ ನೂರು ರೂಪಾಯಿಗೆ ಹೊಸದೊಂದು. ಆ ಬೆಳಿಗ್ಗೆ ಸಾವಿರಾರು ಗಣಕಯಂತ್ರಗಳು ತಬ್ಬಿಬ್ಬಾಗಬಾರದೆಂದು ನಾಳೆಗನ್ನಡಿಯನ್ನು ರಚಿಸಿದ್ದರು. ಅದು ಗಣಕಯಂತ್ರದೊಳಗೆ ಆರೂಢನ ಇಡೀ ಕಚೇರಿಯ ಪ್ರತಿಬಿಂಬ. ಒಬ್ಬೊಬ್ಬ ನೌಕರ ಹೇಗೆ ಬರೆಯುತ್ತಾನೆ, ಯಾವಾಗ ರಜೆ ಕೇಳುತ್ತಾನೆ ಎಂಬುದನ್ನೆಲ್ಲ ಕಲಿತು, ಮೂರು ತಿಂಗಳು ಮುಂದಿನ ಕಚೇರಿಯನ್ನು ಇಂದೇ ನಡೆಸಿ ನೋಡುತ್ತಿತ್ತು. ಆರೂಢ ಅದರ ಪರೀಕ್ಷಕನಾಗಿದ್ದ.

ಅದನ್ನು ರಚಿಸಿದ ವಿಜ್ಞಾನಿ ಡಾ. ನೂರಜಹಾನ ನದಾಫ, ಅಂದೇ ಕಚೇರಿಗೆ ಬಂದ ಮಂದಾಕಿನಿಯನ್ನು ಕಂಡು ಎದ್ದು ನಿಂತರು.

“ಆ ಸಂದೇಶ ಹೊರಗ ಬರಬಾರದಿತ್ತು. ತಪ್ಪು ನಮ್ಮದು, ತಂಗಿ.”

“ಅವರು ಒಳಗ ಇನ್ನೂ ಇದ್ದಾರೇನ್ರಿ?”

“ಯಂತ್ರಕ್ಕ ಅವರು ಹೋದ ಸುದ್ದಿ ಮುಟ್ಟಿಲ್ಲ. ನಮ್ಮ ಟಪಾಲು ಶಾಖೆಯ ತಾರೀಖಿನ ಮೊಹರು ಬಿದ್ದ ಕಾಗದ ಮಾತ್ರ ಅದು ನಂಬತದ. ನಾ ಕೈಯಿಂದ ಅಳಿಸಿದ್ರ ಪರೀಕ್ಷೆನ ಸುಳ್ಳಾಗತದ. ಆ ನಿಯಮ ಹಾಕಿದವರೂ ಅವರೇ.”

“ಮೊಹರು ಯಾಕ ಬಿದ್ದಿಲ್ಲ?”

“ಪರೀಕ್ಷೆಗಂತ ಮೊಹರು ಒಯ್ದವರೂ ಅವರೇ. ಹೊಸಾದು ಚೈತ್ರಕ್ಕ ಬರೋದು. ಅಲ್ಲೀತನಕ ಊರ ಮಂದಿ ಕಾಗದ ಎಲ್ಲಾ ಹಂಗ ಬಿದ್ದಾವ.”

ಮಂದಾಕಿನಿಗೆ ನೆನಪಾಯಿತು. ಮರದ ಹಿಡಿಯ ಆ ಹಳೆಯ ಮೊಹರನ್ನು ಮನೆಗೆ ತಂದ ಸಂಜೆ ಆರೂಢ ನಕ್ಕಿದ್ದ. “ಟಪಾಲಿನ ಫಕೀರಪ್ಪಜ್ಜ ಚಾ ಕುಡಿಯೂತನಕ ತಾರೀಖು ತಿರುವೂದಿಲ್ಲ. ಮುಂಜಾನಿ ಬಂದ ಕಾಗದಕ್ಕೆಲ್ಲ ನಿನ್ನಿ ತಾರೀಖು. ಇಷ್ಟ ದೊಡ್ಡ ಯಂತ್ರ ಅಲ್ಲೇ ಎಡವತದ ನೋಡು.”

“ಮೊಹರು ಸಿಗಲಿಲ್ಲಂದ್ರ?” ಎಂದು ಕೇಳಿದಳು.

“ಚೈತ್ರತನಕ ಅವರು ಅಲ್ಲಿ ಇರತಾರ. ಆಮ್ಯಾಲ ಕನ್ನಡಿ ಮುಚ್ಚತೀವಿ.”

“ಇವತ್ತು ಏನು ಮಾಡಿದ್ರು?”

ನದಾಫ ತೆರೆಯ ಕಡೆ ನೋಡಿದರು. “ಫಕೀರಪ್ಪನ ಮ್ಯಾಲ ಒಂದು ದೂರು ಬರದಾರ.” ಆಮೇಲೆ ಅವಳ ಕಡೆ ತಿರುಗಿ ಕೇಳಿದರು: “ಸಂದೇಶ ನಿಲ್ಲಸಲೇನು?”

“ಬ್ಯಾಡ್ರಿ.”

ಮೊಹರು ಮನೆಯಲ್ಲಿ, ಅವನ ಚೀಲದ ಒಳಜೇಬಿನಲ್ಲಿತ್ತು. ಅವಳು ಅದನ್ನು ತೆಗೆದು ನೋಡಿ ಅಲ್ಲೇ ಇಟ್ಟಳು. ಎರಡು ದಿನ ಯಾರಿಗೂ ಹೇಳಲಿಲ್ಲ. ಅನ್ನ ಮಾಡಿದಳು, ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಉಂಡಳು.

ಮೂರನೆಯ ದಿನ ಸಂದೇಶ ಬಂತು. “ಆರೂಢ ಹಂಚಿನಮನಿ ಅವರ ರಜೆ ಅವರ ಕೋರಿಕೆಯಂತೆ ರದ್ದಾಗಿದೆ. ಕಾರಣ: ಕಚೇರಿ ಕೆಲಸ.”

ಮದುವೆಯಾದ ಮೂರು ವರ್ಷದಲ್ಲಿ ದಾಂಡೇಲಿ ನಾಲ್ಕು ಸಲ ರದ್ದಾಗಿತ್ತು. ಇದು ಐದನೆಯದು. ಯಂತ್ರ ಅವನನ್ನು ಸರಿಯಾಗಿಯೇ ಕಲಿತಿತ್ತು. ಮಂದಾಕಿನಿಗೆ ನಗು ಬಂತು. ಸತ್ತ ಮೇಲೂ ಕಚೇರಿಯಿಂದ ಬಿಡುವಿಲ್ಲದವನ ಮೇಲೆ ಕನಿಕರ ಬಂತು.

ಮರುದಿನ ಬೆಳಿಗ್ಗೆ ಅವಳು ಟಪಾಲು ಶಾಖೆಗೆ ಹೋದಳು. ಮೇಜಿನ ಮೇಲಿನ ಕಾಗದದ ರಾಶಿಯ ಹಿಂದೆ ಫಕೀರಪ್ಪ ಕುಳಿತಿದ್ದ. ರಾಶಿಯ ಮೇಲೆಯೇ, ಇನ್ನೂ ಮೊಹರು ಬೀಳದ ಆರೂಢನ ಮರಣಪತ್ರವಿತ್ತು.

“ನಿಮ್ಮ ಮೊಹರು,” ಎಂದು ಮೇಜಿನ ಮೇಲಿಟ್ಟಳು. “ಎರಡು ದಿನಕ್ಕಂತ ಕೇಳಿ ತಂದಿದ್ರು.”

ಫಕೀರಪ್ಪ ಅದನ್ನು ಮುಟ್ಟಲಿಲ್ಲ. ಕಾಗದ ನೋಡಿದ, ಅವಳನ್ನು ನೋಡಿದ.

“ಚಾ ಇನ್ನೂ ಬಂದಿಲ್ಲವ್ವಾ. ಚಾ ಕುಡೀದ ನಾ ತಾರೀಖು ತಿರುವೂದಿಲ್ಲ. ಕುಂಡ್ರು.”

ಅವಳು ಕುಳಿತಳು. ಚಹ ಬಂತು. ಫಕೀರಪ್ಪ ಬಸಿಗೆ ಸುರುವಿಕೊಂಡು, ಊದಿ ಊದಿ, ಅವಸರವಿಲ್ಲದೆ ಕುಡಿದ. ಮಂದಾಕಿನಿಯ ಚಹ ಆರಿತ್ತು; ಆದರೂ ಸಣ್ಣ ಸಣ್ಣ ಗುಟುಕಿನಲ್ಲಿ ಕುಡಿದಳು. ಮೊಹರಿನ ಗಾಲಿ ಇನ್ನೂ ಆರೂಢ ತಿರುವಿಟ್ಟ ತಾರೀಖಿನಲ್ಲೇ ನಿಂತಿತ್ತು.

ಲೋಟದ ತಳ ಕಂಡಾಗ ಅವಳು ಮೊಹರನ್ನೆತ್ತಿಕೊಂಡು, ಗಾಲಿಯನ್ನು ಒಂದೊಂದೇ ಹಲ್ಲು ತಿರುವಿ ಇಂದಿನ ತಾರೀಖಿಗೆ ತಂದಳು. ಆಮೇಲೆ ಅದನ್ನು ಫಕೀರಪ್ಪನ ಕೈಗೆ ಕೊಟ್ಟಳು.