ಗುರುತಿನ ಮೇಲೊಂದು ಗುರುತು

"ಆ ಕೊಳದ ಮಣ್ಣಲ್ಲಿ ಮಾತ್ರ ಹೆಬ್ಬೆರಳು ಒತ್ತಬೇಡ ಕಣೇ," ಎಂದಳು ಅತ್ತಿಗೆ, ಗಂಡ ಬಂದಾನೆಂದು ಬಾಗಿಲ ಕಡೆ ನೋಡುತ್ತ.

ನಾದಿನಿ ನಕ್ಕುಬಿಟ್ಟಳು. "ಹೆಬ್ಬೆಟ್ಟು ಕೇಳೋದು ಪೊಲೀಸರು ಮಾತ್ರ ಅಂದ್ಕೊಂಡಿದ್ದೆ ಅತ್ತಿಗೆ. ದೆವ್ವಗಳಿಗೂ ಬೇಕಾ?"

ಅತ್ತಿಗೆ ನಗಲಿಲ್ಲ. ಪಾಳುಕೋಟೆಯ ಆ ಮೆಟ್ಟಿಲುಕೊಳವನ್ನು ಹಿಂದೊಮ್ಮೆ ಇಬ್ಬರು ಒಡಹುಟ್ಟಿದವರು ಮಣ್ಣಿನ ಕಲಶಗಳಿಂದ ಸಿಂಗರಿಸಿದರಂತೆ. ಹಿರಿಯನು ಕಿರಿಯನ ಹೆಬ್ಬೆರಳಿನ ಗುರುತನ್ನು ಉಜ್ಜಿ ಅಳಿಸಿ, ಕೀರ್ತಿಯನ್ನೆಲ್ಲ ತಾನೊಬ್ಬನೇ ಉಂಡನಂತೆ. ಕಿರಿಯನು ಆ ಮಣ್ಣಿಗೇ ಮಾಟವಿಟ್ಟು ಕಣ್ಮುಚ್ಚಿದನಂತೆ: ಇದರಲ್ಲಿ ಗುರುತೊತ್ತಿದ ಕೈ ಮಣ್ಣಾಗಲಿ.

ಕೊಳದ ಗೋಡೆಯಲ್ಲಿ ಬರಿದಾದ ಗೂಡುಗಳಿಗೆ ಹೊಸ ಕಲಶಗಳನ್ನು ಅಲ್ಲಿಯ ಮಣ್ಣಿನಿಂದಲೇ ಮಾಡಿ, ಅಲ್ಲಿಯೇ ಸುಟ್ಟು ಇರಿಸುವ ಕೆಲಸವನ್ನು ನಾದಿನಿಗೆ ಕೊಡಿಸಿದವನು ಅವಳ ಅಣ್ಣ, ಅತ್ತಿಗೆಯ ಗಂಡ. ಅಪ್ಪ ತೀರಿದ ಮೇಲೆ ಅವಳ ಎಳೆಯ ಬೆರಳು ಹಿಡಿದು ಕಸುಬು ಕಲಿಸಿದವನೂ ಅವನೇ. ಈಗ ಅವನ ಬಲಗೈಗೆ ಸದಾ ಬಟ್ಟೆಯ ಸುತ್ತು. ಬಣ್ಣದ ವಿಷ ತಾಗಿದೆ ಎನ್ನುತ್ತಿದ್ದ.

ತನ್ನ ಕಲಶಗಳ ಬುಡಕ್ಕೆ ಅವಳು ಹೆಬ್ಬೆರಳಿನ ಬದಲು ಮರದ ಮುದ್ರೆ ಒತ್ತುತ್ತಿದ್ದಳು. ಕೊನೆಯ ಗೂಡೊಂದು ಉಳಿದಾಗ, ಒದ್ದೆ ಗೋಣಿಯಲ್ಲಿ ಸುತ್ತಿದ್ದ ಅರೆಬರೆ ಕಲಶವೊಂದನ್ನು ಅಣ್ಣ ತಂದಿಟ್ಟ. ಹಿಂದಿನ ವರ್ಷ ಇದೇ ಮಣ್ಣಿನಲ್ಲಿ ತಾನು ಮೊದಲಿಟ್ಟು, ಕೈ ಕೆಟ್ಟು ಕೈಬಿಟ್ಟದ್ದು ಎಂದ. ಬುಡದಲ್ಲಿ ಅವನ ಹೆಬ್ಬೆರಳಿನ ಕುಳಿ ಇನ್ನೂ ಹಸಿಯಾಗಿತ್ತು. ಒಬ್ಬರು ತೊಡಗಿದ್ದನ್ನು ಇನ್ನೊಬ್ಬರು ಮುಗಿಸಿದರೆ, ಮೊದಲ ಗುರುತಿನ ಮೇಲೆ ತಮ್ಮ ಗುರುತೊತ್ತಿ ಅದರ ಭಾರ ಹೊರಬೇಕು. ಅದು ಅವರ ಮನೆತನದ ಕಟ್ಟಳೆ.

"ಒತ್ತು ಪುಟ್ಟಿ. ಅಪ್ಪ ಕಲಿಸಿದ್ದು ಹೀಗೇ ಅಲ್ವಾ."

ಅತ್ತಿಗೆಯ ಮಾತು ನೆನಪಾಯಿತು. ನಗುತ್ತಲೇ ಒತ್ತಿದಳು.

ಕೊಳದ ಮೆಟ್ಟಿಲ ಬುಡದಲ್ಲಿ ಕಲಶ ಸುಡುವ ಆವಿಗೆ ಉರಿದು ಆರಿತು. ಮರುದಿನ ಇಳಿಹೊತ್ತಿಗೆ ಬೂದಿ ಸರಿಸಿ ಆ ಕಲಶವನ್ನು ಎತ್ತಹೋದಾಗ ಬಲಗೈ ಮಡಿಯಲಿಲ್ಲ. ಕೊಳದೊಳಗೆ ಹೊಗೆಯ ಕಮಟು, ಪಾಚಿಯ ವಾಸನೆ, ಎಲ್ಲೋ ಮಣ್ಣು ಬಿರಿಯುವ ಸಣ್ಣ ಸದ್ದು. ಆ ಸದ್ದು ಅವಳ ಬೆರಳಿನಿಂದಲೇ ಬರುತ್ತಿತ್ತು. ಉಗುರು ಕೆಂಪಾಯಿತು. ಗೆಣ್ಣು ಸೆಟೆಯಿತು. ಗೀಚಿದರೆ ನೋವಿಲ್ಲ. ಉದುರಿದ್ದು ಪುಡಿ.

ಮೇಲಿನ ಮೆಟ್ಟಿಲಲ್ಲಿ ಅಣ್ಣ ಬಟ್ಟೆ ಬಿಚ್ಚುತ್ತಿದ್ದ. ಒಳಗಿನಿಂದ ಹೊರಬಂದ ಬೆರಳುಗಳು ಮಗುವಿನವುಗಳಂತೆ ಮೃದುವಾಗಿದ್ದವು. ಅವುಗಳನ್ನು ಒಂದೊಂದಾಗಿ ಮಡಚಿ, ಬಿಚ್ಚಿ, ನೋಡಿಕೊಂಡ.

"ಗೊತ್ತಿತ್ತಾ ಅಣ್ಣ?"

"ನಿಂಗಿನ್ನೂ ವಯಸ್ಸಿದೆ ಪುಟ್ಟಿ. ಎಡಗೈಲಿ ಕಲಿತ್ಕೋತೀಯ."

ಅವಳು ಎಡಗೈಯಿಂದ ಕಲಶವನ್ನೆತ್ತಿದಳು. ಅವನ ಮುಖ ಬಿಳಿಚಿತು.

"ಒಡೀಬೇಡ. ಒಡೆದ್ರೆ ನಿನ್ನ ಬೆರಳೇ ಹೋಗುತ್ತೆ."

ಆ ದನಿಯ ಭಯ ತನ್ನ ಬೆರಳಿಗಾಗಿ ಅಲ್ಲವೆಂದು ಅವಳಿಗೆ ಹೊಳೆಯಿತು. ಅವಳ ಗುರುತಿನ ಅಡಿಯಲ್ಲಿ ಅವನದೂ ಬೆಂದಿತ್ತು. ಹಸಿಮಣ್ಣನ್ನಾದರೆ ಮತ್ತೆ ಕಲಸಬಹುದು. ಬೆಂದ ಮಣ್ಣಿಗೆ ಪ್ರಾಯಶ್ಚಿತ್ತವಿಲ್ಲ.

ಕೈ ಬೀಸಿದಳು. ಕಲಶ ಕಲ್ಲಿಗೆ ಬಡಿದು ಒಡೆಯಿತು. ಬಲಗೈಯ ಹೆಬ್ಬೆರಳು ಬುಡದಿಂದ ಕಳಚಿ ಕಾಲ ಬಳಿ ಬಿತ್ತು, ಹೆಂಚಿನ ಚೂರಿನ ಸದ್ದು ಮಾಡುತ್ತ. ಉಳಿದ ಬೆರಳುಗಳಿಗೆ ಒಮ್ಮೆಲೇ ಬಿಸುಪು ಮರಳಿತು. ಮೇಲಿನ ಮೆಟ್ಟಿಲಿಂದಲೂ ಅದೇ ಸದ್ದು ಕೇಳಿತು. ಒಂದು. ಇನ್ನೊಂದು. ಮತ್ತೊಂದು. ಅವನ ಕೈ ಮಣಿಕಟ್ಟಿನವರೆಗೂ ಉದುರುತ್ತಿತ್ತು.

ಓಡಿಬಂದ ಅತ್ತಿಗೆ ಕೂಗುತ್ತಿದ್ದ ಗಂಡನನ್ನು ದಾಟಿ, ಅವನು ಬಿಚ್ಚಿ ಎಸೆದ ಬಟ್ಟೆಯನ್ನೇ ಹೆಕ್ಕಿ ನಾದಿನಿಯ ಕೈಗೆ ಸುತ್ತಿದಳು.

ಹೊರಡುವ ಮುನ್ನ ನಾದಿನಿ ಕಲಶದ ಬುಡದ ಚೂರನ್ನು ಹುಡುಕಿ ಆ ಕೊನೆಯ ಗೂಡಿನಲ್ಲಿಟ್ಟಳು. ಅದರಲ್ಲಿದ್ದದ್ದು ಒಂದೇ ಕುಳಿ. ಯಾವ ಗೆರೆ ಅಣ್ಣನದು, ಯಾವುದು ತಂಗಿಯದು ಎಂದು ಬಿಡಿಸುವಂತಿರಲಿಲ್ಲ.