ಕಿಟಕಿಯ ಬಲ್ಬು

ಕರೆಂಟು ಹೋದರೆ ಸಾಕು, ಆ ಲೈನ್‌ಮನ್ ಅವಳ ಕಿಟಕಿಯೆದುರಿಗೇ ಪ್ರತ್ಯಕ್ಷ. ಏಣಿ ಇಳಿಸುತ್ತಾನೆ, ಸೊಂಟದ ಬೆಲ್ಟು ಬಿಗಿಯುತ್ತಾನೆ, ಆಮೇಲೆ ಕತ್ತೆತ್ತಿ ನೇರವಾಗಿ ಇತ್ತ ನೋಡುತ್ತಾನೆ. ಸುಮ್ಮನೆ ಕಣ್ಣು ಹಾಯಿಸುವ ನೋಟವೂ ಅಲ್ಲ, ಹತ್ತು ಎಣಿಸುವಷ್ಟು ಹೊತ್ತು.

ಈ ವಾರದಲ್ಲಿ ಇದು ಮೂರನೇ ಸಲ. ಅವಳು ಸರಕ್ಕನೆ ಪರದೆ ಎಳೆದಳು. ನಿಮಿಷವಾಗುವುದರೊಳಗೆ ಬಾಗಿಲು ಬಡಿದ ಸದ್ದು.

"ಪರದೆ ಸ್ವಲ್ಪ ಸರಿಸ್ತೀರಾ ಮೇಡಂ?"

ಅವಳಿಗೆ ಮೈಯೆಲ್ಲ ಉರಿಯಿತು. "ಯಾಕೆ? ಕಂಬ ಹತ್ತೋಕೆ ನಮ್ಮನೆ ಪರದೆ ಅಡ್ಡ ಬರುತ್ತಾ?"

"ಒಳಗಿನ ಬಲ್ಬ್ ಕಾಣ್ಬೇಕು. ಸ್ವಿಚ್ ಹಾಕೇ ಇಡಿ." ಅವನು ಹೊಸ್ತಿಲು ನೋಡುತ್ತಾ ಹೇಳಿದ. "ಮನೇಲಿ ಜನರೇಟರ್ ಏನಾದ್ರೂ ಇದೆಯಾ?"

"ಇಲ್ಲ."

"ಖಂಡಿತಾ?"

"ಇಲ್ಲ ಅಂದ್ನಲ್ಲ!"

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಹಿತ್ತಲಲ್ಲಿ ಗೋಣಿತಾಟು ಹೊದ್ದು ಜನರೇಟರ್ ಕೂತಿತ್ತು. ತಂದುಕೊಟ್ಟವನು ಸೋದರಮಾವ. ಎರಡೂ ತುದಿಗೆ ಪಿನ್ನಿರುವ ವೈರನ್ನು ಅವನೇ ಮಾಡಿಕೊಟ್ಟಿದ್ದ. ಒಂದು ತುದಿ ಜನರೇಟರಿಗೆ, ಇನ್ನೊಂದು ಕಿಟಕಿ ಪಕ್ಕದ ಸಾಕೆಟ್ಟಿಗೆ ಚುಚ್ಚಿದರೆ ಇಡೀ ಮನೆಗೆ ಬೆಳಕು. "ಲೈನ್‌ಮನ್ ಕೇಳಿದ್ರೆ ಬಾಯಿ ಬಿಡ್ಬೇಡ ಕಣೆ, ಎತ್ಕೊಂಡ್ ಹೋಗ್ತಾರೆ" ಎಂದು ಮೀಸೆ ತಿರುವಿ ಎಚ್ಚರಿಸಿಯೂ ಇದ್ದ.

ಅದಿಲ್ಲದೆ ಅವಳ ಕಸುಬು ನಡೆಯದು. ನಡುಮನೆಯ ಇನ್‌ಕ್ಯುಬೇಟರಿನಲ್ಲಿ ನೂರಿಪ್ಪತ್ತು ಕೋಳಿಮೊಟ್ಟೆ ಕಾವಿಗಿಟ್ಟು ಇವತ್ತಿಗೆ ಹತ್ತೊಂಬತ್ತು ದಿನ. ಇನ್ನೆರಡು ದಿನಕ್ಕೆ ಮರಿ. ಈಗ ಕಾವು ತಪ್ಪಿದರೆ ಎಲ್ಲ ಮಣ್ಣುಪಾಲು.

ಅಮ್ಮ ಇನ್‌ಕ್ಯುಬೇಟರಿಗೆ ಕಂಬಳಿ ಹೊದಿಸುತ್ತಾ ನಕ್ಕಳು. "ನಿನ್ನನ್ನೇ ನೋಡ್ತಾನೆ ಕಣೆ. ಕಿವಿ ಕೆಂಪಗಾಗಿತ್ತು, ನೋಡಿದ್ಯಾ?"

"ಜನರೇಟರಿನ ವಾಸನೆ ಹತ್ತಿದೆ ಅವನಿಗೆ. ಮನೆ ಅಳತೆ ತಗೋತಿದ್ದಾನೆ, ಅಷ್ಟೇ."

ಹಾಗೆಂದಳೇ ಹೊರತು ಆ ಕೆಂಪು ಕಿವಿ ಅವಳಿಗೂ ಕಂಡಿತ್ತು. ಅದೂ ನಾಟಕವೇ ಇದ್ದೀತು ಎಂದುಕೊಂಡಳು. ನೋಡುವವನು ನೋಡಿಕೊಳ್ಳಲಿ, ಆದರೆ ಯಾಕೆ ನೋಡುತ್ತಾನೆ ಎನ್ನುವುದು ತಿಳಿಯದಿದ್ದರೆ ಅವಳಿಗೆ ತಲೆ ಕೆಡುತ್ತಿತ್ತು.

ಗಂಟೆ ಹನ್ನೊಂದಾಯಿತು. ಬೆಳಗಿನ ಗಾಳಿಗೆ ವೈರು ತುಂಡಾಗಿದ್ದರಿಂದ ಕರೆಂಟು ಬರುವ ಸುಳಿವೇ ಇರಲಿಲ್ಲ. ಇನ್‌ಕ್ಯುಬೇಟರಿನ ಮುಳ್ಳು ಇಳಿಯುತ್ತಲೇ ಇತ್ತು. ಪರದೆಯ ಸಂದಿಯಿಂದ ಇಣುಕಿದಳು. ಎದುರಿನ ಕಂಬಕ್ಕೆ ಏಣಿ ಇಲ್ಲ, ಅವನೂ ಇಲ್ಲ. ಸದ್ಯ, ಹೋದ! ಸಾಕೆಟ್ಟಿಗೆ ವೈರು ಚುಚ್ಚಿ, ಹಿತ್ತಲಿಗೆ ಓಡಿ ಜನರೇಟರ್ ಶುರು ಮಾಡಿ ಬಂದಳು.

ಕಿಟಕಿಯ ಬಲ್ಬು ಹತ್ತಿಕೊಂಡಿತು. ಪರದೆ ಸರಿಸಿದರೆ ಎದುರುಮನೆ ವರಾಂಡದ ಬಲ್ಬೂ ಉರಿಯುತ್ತಿತ್ತು. ಬೀಗ ಹಾಕಿ ತಿಂಗಳಾದ ಮನೆ ಅದು. ಅದರಾಚೆ, ಮುಂದಿನ ಕಂಬದ ಮೇಲೆ, ಬೆಲ್ಟಿಗೆ ಜೋತುಕೊಂಡು ಅವನಿದ್ದ. ಒಂದು ಕೈಯ ಗ್ಲೌಸ್ ತೆಗೆದಿದ್ದ. ಆ ಬರಿಗೈ ವೈರಿನಿಂದ ಗೇಣಿನಷ್ಟು ದೂರದಲ್ಲಿ ನಿಂತುಬಿಟ್ಟಿತ್ತು. ಕಣ್ಣು ಮಾತ್ರ ಅವಳ ಕಿಟಕಿಯ ಮೇಲೆ.

ತನ್ನ ಮನೆಯ ಕರೆಂಟೇ ಬೀದಿಯ ವೈರಿಗೆ ಹೋಗಿದೆ! ಸಾಕೆಟ್ಟಿನ ಪಿನ್ನಿಗೆ ಕೈ ಹಾಕಿದಳು.

"ಅದನ್ನ ಕೀಳ್ಬೇಡಿ! ಶಾಕ್ ಹೊಡಿಯುತ್ತೆ! ಎಂಜಿನ್ ನಿಲ್ಸಿ, ಎಂಜಿನ್!"

ಹಿತ್ತಲಿಗೆ ಹೇಗೆ ಓಡಿದಳೋ, ಅವಳಿಗೇ ಗೊತ್ತಿಲ್ಲ.

ಅವನು ಇಳಿದು ಬಂದು ಅವಳ ಮನೆಯ ಮೆಟ್ಟಿಲ ಮೇಲೆ ಕೂತ. ಅವಳು ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದ.

"ಇಲ್ಲ ಅಂದ್ರಿ, ನಂಬಿದೆ. ಬೋಲ್ಟ್ ಸಣ್ಣದು, ಗ್ಲೌಸಲ್ಲಿ ಸಿಗ್ತಿರಲಿಲ್ಲ. ವೈರನ್ನ ನೆಲಕ್ಕೆ ಜೋಡಿಸಿ ಅರ್ಥಿಂಗ್ ಕೊಡದೆ ಕೈ ಚಾಚಿದ್ದು ನನ್ನ ತಪ್ಪೇ."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮೂರು ಸಲ ಇವನನ್ನು ಅನುಮಾನಿಸಿದ್ದಳು. ಸುಳ್ಳು ಹೇಳಿದವಳು ತಾನು.

"ಸಾವಿನ ಪಕ್ಕ ಕೈ ಇಟ್ಕೊಂಡು ನನಗೆ ಹುಷಾರು ಹೇಳಿದ್ರಲ್ಲ," ಎಂದಳು.

"ಎಂಜಿನ್ ಓಡ್ತಿರುವಾಗ ಆ ಪಿನ್ ಕೈಗೆ ಬಂದಿದ್ರೆ ನೀವು ಉಳೀತಿರಲಿಲ್ಲ."

ಅವಳು ಎರಡೂ ಪಿನ್ನುಗಳನ್ನು ಕಿತ್ತು, ಕತ್ತರಿ ತಂದು, ಮಾವನ ವೈರನ್ನು ಅವನೆದುರೇ ಎರಡು ತುಂಡು ಮಾಡಿದಳು. ಹೊಗೆ ಒಳಗೆ ಬರದ ಹಾಗೆ ಅವನು ಜನರೇಟರನ್ನು ಮನೆಯಿಂದ ದೂರಕ್ಕೆ ಎಳೆದು, ಬೇರೆ ವೈರನ್ನು ನೇರವಾಗಿ ಇನ್‌ಕ್ಯುಬೇಟರಿಗೇ ಕೊಟ್ಟ. "ಗೋಡೆಗೆ ಮಾತ್ರ ಯಾವತ್ತೂ ಚುಚ್ಬೇಡಿ."

"ಎತ್ಕೊಂಡ್ ಹೋಗಲ್ವಾ?"

"ಇದನ್ನ ಹೊತ್ಕೊಂಡು ನಾನೆಲ್ಲಿಗೆ ಹೋಗ್ಲಿ?"

ನಗು ಬಂತು. ಆದರೂ ಅನುಮಾನ ಬಿಡಲಿಲ್ಲ. "ಅಂದ್ರೆ ಇಷ್ಟು ದಿನ ನೋಡ್ತಿದ್ದಿದ್ದು ಬಲ್ಬನ್ನ?"

"ಹೂಂ. ಲೈನಲ್ಲಿ ಕರೆಂಟ್ ಇದೆಯಾ ಅಂತ ಗೊತ್ತಾಗುತ್ತೆ."

ಅವಳಿಗೆ ಸುಮ್ಮಸುಮ್ಮನೆ ಬೇಸರವಾಯಿತು. ಹೊರಡಲು ಎದ್ದವನನ್ನು ತಡೆದು ಕೇಳಿದಳು. "ಎದುರುಮನೆ ವರಾಂಡದಲ್ಲೂ ಬಲ್ಬಿದೆ. ಕಂಬಕ್ಕೆ ಅದೇ ಹತ್ತಿರ."

ಅವನು ಎಡಗೈ ಗ್ಲೌಸನ್ನು ಬಲಗೈಗೆ ಹಾಕಿಕೊಳ್ಳತೊಡಗಿದ. ಕಿವಿ ಮತ್ತೆ ಕೆಂಪಾಯಿತು.

"ಇದೆ. ಆದ್ರೆ ಅದರ ಕೆಳಗೆ ಯಾರೂ ನಿಲ್ಲಲ್ಲ."

ಒಳಗೆ ಅಮ್ಮ ಕಾರಣವಿಲ್ಲದೆ ಕೆಮ್ಮಿದಳು.

"ನಾಳಿದ್ದು ಮರಿ ಹೊರಗೆ ಬರ್ತಾವೆ. ನೋಡೋಕೆ ಬನ್ನಿ," ಎಂದಳು ಅವಳು. "ಅದಕ್ಕೆ ಕರೆಂಟ್ ಹೋಗ್ಲೇಬೇಕು ಅಂತೇನಿಲ್ಲ."

ಅವನು ಅರ್ಥಿಂಗ್ ಕೊಟ್ಟು, ಗ್ಲೌಸ್ ಸರಿಯಾಗಿ ತೊಟ್ಟು ಕಂಬ ಹತ್ತುವವರೆಗೂ ಅವಳು ಕಣ್ಣು ಕೀಳಲಿಲ್ಲ. ಪರದೆಯನ್ನು ಪೂರ್ತಿ ಸರಿಸಿ ಕಿಟಕಿಯಲ್ಲೇ ನಿಂತಳು. ಕೆಲಸ ಮುಗಿಸಿ, ಅರ್ಥಿಂಗ್ ಬಿಚ್ಚಿ ಇಳಿದವನು ಟ್ರಾನ್ಸ್‌ಫಾರ್ಮರಿನ ಸ್ವಿಚ್ ಏರಿಸಿ, ಕತ್ತೆತ್ತಿ ಇತ್ತ ನೋಡಿದ. ಅವಳ ತಲೆಯ ಮೇಲೆ ಬಲ್ಬು ಹತ್ತಿಕೊಂಡಿತು.

ಅವಳು ಹತ್ತು ಎಣಿಸಿದಳು. ಅವನಂತೂ ಬಲ್ಬನ್ನು ನೋಡುತ್ತಿರಲಿಲ್ಲ.