ಜೇವರ್ಗಿಯ ನಾಲ್ಕು ನಿಮಿಷ

ಬ್ಯಾಟರಿ ಹೊತ್ತು ಬಂದವನನ್ನು ಗುರುಬಾಯಿ ಹಮಾಲನೆಂದೇ ತಿಳಿದಳು.

"ಅಲ್ಲಿಡು. ವಾಲಿಸಬ್ಯಾಡ. ತೇಜಾಬು ಚೆಲ್ಲಿದ್ರ ನಿನ್ನ ಧೋತರ ಸುಟ್ಟು ತೂತಾಗ್ತದ."

ಅವನು ಮೆಲ್ಲಗೆ ಇಳಿಸಿದ. ಧೋತರಕ್ಕೆ ಆಗಲೇ ಮೂರು ತೂತು ಬಿದ್ದಿದ್ದವು.

"ಜೇವರ್ಗಿ ಕಡೆಯಿಂದ ಯಾರೋ ಸಾಲಿ ಮಾಸ್ತರ ಬರ್ತಾನಂತ. ನೋಡೀಯೇನು ಅಂವನ್ನ?"

"ನೋಡೇನ್ರಿ."

"ಹ್ಯಾಂಗದಾನ? ಮಾಸ್ತರಂದ್ರ ಬಾಯಿ ಮುಚ್ಚಂಗಿಲ್ಲ. ನನಗ ನಾಕು ನಿಮಿಷದಾಗ ಮಾತು ಮುಗಿಸೋ ಮನಷ್ಯಾ ಬೇಕು."

"ಮಾತು ಕಡಿಮೀನೇ ರಿ. ಸ್ವಲ್ಪ ಮಬ್ಬ ಅದಾನ."

"ನೋಡಾಕ ಹ್ಯಾಂಗ?"

ಅವನು ತಲೆಯ ಮೇಲಿನ ಸಿಂಬಿ ತೆಗೆದು ಬೆವರು ಒರೆಸಿಕೊಂಡ. "ಅದನ್ನ ನೀವೇ ನೋಡಿ ಹೇಳ್ರಿ. ನಾನೇ ದೌಲತರಾಯ, ಇಜೇರಿ ಸಾಲಿ ಮಾಸ್ತರ."

ಗಿರಣಿಯ ಎಂಜಿನ್ನಿಗೆ ಎಣ್ಣೆ ಬಿಡುತ್ತಿದ್ದ ಖಾದರಸಾಬ ಕೆಮ್ಮಿದಂತೆ ಮಾಡಿ ನಕ್ಕ. ಗುರುಬಾಯಿ ನಗಲಿಲ್ಲ. ಆದರೆ ಒಮ್ಮೆ ನೋಡಿದಳು. ಮೂಗು ಸ್ವಲ್ಪ ಉದ್ದವಿತ್ತು. ಕಣ್ಣು ಚೆನ್ನಾಗಿದ್ದವು. ಅಷ್ಟು ನೋಡಿ ಬ್ಯಾಟರಿಯ ಮುಚ್ಚಳ ಬಿಚ್ಚತೊಡಗಿದಳು.

ಅದು 1948ರ ಆಷಾಢ. ಗಡಿಯ ಈಚೆ ಸೋಲಾಪುರ ಜಿಲ್ಲೆ, ಆಚೆ ನಿಜಾಮನ ರಾಜ್ಯ. ಆಚೆ ಊರೂರಲ್ಲಿ ಲೂಟಿ, ಬೆಂಕಿ. ಜನ ಗಂಟುಮೂಟೆ ಕಟ್ಟಿಕೊಂಡು ಈಚೆ ಬರುತ್ತಿದ್ದರು. ಯಾವ ದಾರಿ ಸುರಕ್ಷಿತ, ಯಾವ ಊರಿಗೆ ವೈದ್ಯರು ಬೇಕು ಎಂಬ ಸುದ್ದಿ ಗಡಿಯ ಶಿಬಿರಕ್ಕೆ ಮುಟ್ಟಿಸಲು ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಮೂರು ವೈರ್‌ಲೆಸ್ ಸೆಟ್ಟು ಗುಟ್ಟಾಗಿ ಕೆಲಸ ಮಾಡಬೇಕಿತ್ತು. ಸೆಟ್ಟಿನ ಕೀಲಿ ಒತ್ತಿ ಸುದ್ದಿ ಕಳಿಸುವವರೆಲ್ಲ ಸ್ವಯಂಸೇವಕರು. ಅವರಿಗೆ ವೇಳೆ ಹಂಚಿಕೊಡುವುದು, ಅವರು ಸಿಕ್ಕಿಬೀಳದಂತೆ ನೋಡಿಕೊಳ್ಳುವುದು ಗುರುಬಾಯಿಯ ಕೆಲಸ. ಅವಳ ಅಪ್ಪ ರೇಲ್ವೆಯಲ್ಲಿ ತಾರ್ ಮಾಸ್ತರರಾಗಿದ್ದವರು. ಆ ಕಟಕಟ ಭಾಷೆ ಅವಳಿಗೆ ಅಡುಗೆಮನೆಯಲ್ಲೇ ಬಂದಿತ್ತು. ಹಿಟ್ಟಿನ ಗಿರಣಿಯ ಎಂಜಿನ್ನಿನಲ್ಲಿ ಬ್ಯಾಟರಿ ಚಾರ್ಜಾಗುತ್ತಿತ್ತು. ಜೋಳ ತಂದ ಹೆಂಗಸರ ನಡುವೆ ಬ್ಯಾಟರಿ ತಂದವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಎಂಟು ದಿನ ಅವನಿಗೆ ಕಲಿಸಿದಳು.

"ನಮಸ್ಕಾರ ಒತ್ತಬ್ಯಾಡ್ರಿ. ಹೆಸರು ಒತ್ತಬ್ಯಾಡ್ರಿ. ನಾಕು ನಿಮಿಷ ಆತಂದ್ರ ಅರ್ಧ ಮಾತಿದ್ರೂ ಕೈ ತೆಗೀರಿ. ಎಲ್ಲಿಂದ ಮಾತು ಹೊಂಟದ ಅಂತ ಹುಡುಕೋ ಮೋಟಾರ್ ಅದ ನಿಜಾಮನ ಪೊಲೀಸರ ಹಂತೇಕ."

"ಊಟ ಆತೇನ್ರಿ ಅಂತ ಕೇಳಬಹುದೇನ್ರಿ?"

"ಕೇಳಬ್ಯಾಡ್ರಿ."

"ಮತ್ತ ನಿಮ್ಮದು ಊಟ ಆತೋ ಇಲ್ಲೋ ನನಗ ಹ್ಯಾಂಗ ಗೊತ್ತಾಗಬೇಕು?"

ಅವಳು ಪೆನ್ಸಿಲ್ ಕಚ್ಚಿದಳು. ನಗು ಬಂದಾಗ ಅವಳು ಹಾಗೆ ಮಾಡುತ್ತಿದ್ದಳು. ಆ ಎಂಟು ದಿನದಲ್ಲಿ ಪೆನ್ಸಿಲ್ಲಿನ ತುದಿ ಪೂರಾ ಹಾಳಾಯಿತು.

"ಕೊನೀ ಮಾತು," ಎಂದಳು ಬೀಳ್ಕೊಡುವಾಗ. "ಸೆಟ್ ಮುಚ್ಚೋ ತಾರೀಖು ನಾ ಒಮ್ಮೆ ಹೇಳ್ತೇನಿ. ಆಮ್ಯಾಲ ಯಾರು ಬ್ಯಾರೆ ಹೇಳಿದ್ರೂ ನಂಬಬ್ಯಾಡ್ರಿ. ನನ್ನ ಹೆಸರಿನ ಮ್ಯಾಲ ಪೊಲೀಸರೇ ಒತ್ತಬಹುದು."

"ನೀವು ಒತ್ತೋ ಕೈ ನನಗ ಗುರ್ತದ ರಿ," ಎಂದ. "ಗಡಿಯಾರದಂಗ ನಡೀತದ."

ಹೊರಟುಹೋದ. ಆಮೇಲೆ ದಿನಕ್ಕೆ ನಾಲ್ಕು ನಿಮಿಷ. ಮಧ್ಯಾಹ್ನ ಗಿರಣಿ ನಿಂತಾಗ ಮೊದಲು ಆಳಂದ, ಆಮೇಲೆ ಅಫಜಲಪುರ, ಕೊನೆಗೆ ಜೇವರ್ಗಿ. ಜೇವರ್ಗಿಯನ್ನು ಕೊನೆಗೆ ಇಟ್ಟದ್ದು ಅವಳೇ. ಮಾಸ್ತರ ನಿಯಮ ಮುರಿಯಲಿಲ್ಲ. ಇಪ್ಪತ್ತು ಮಂದಿ ಅಂದೋಲಾ ದಾಟಿದರು, ಇಬ್ಬರಿಗೆ ಜ್ವರ, ದಾರಿ ಸರಿಯಿದೆ. ಅಷ್ಟೇ. ಆ ಒಣ ಸುದ್ದಿಯನ್ನೇ ಅವಳು ಸಂಜೆ ರೊಟ್ಟಿ ಬಡಿಯುವಾಗ ಮತ್ತೆ ಮತ್ತೆ ನೆನೆಸಿಕೊಳ್ಳುತ್ತಿದ್ದಳು.

ಆಗಸ್ಟಿನಲ್ಲಿ ಹುಡುಕಾಟ ಜೋರಾಯಿತು. ಮೂರೂ ಕಡೆ ಮುಚ್ಚಿಸಲು ಶಿಬಿರದವರು ಹೇಳಿದರು. ಗುರುಬಾಯಿ ಆದಷ್ಟು ಚಿಕ್ಕದಾಗಿ ಒತ್ತಿದಳು: ತಾರೀಖು ಹನ್ನೆರಡಕ್ಕೆ ಮುಚ್ಚಿ, ಬನ್ನಿ.

ಹನ್ನೆರಡಕ್ಕೆ ಆಳಂದದ ದಶರಥ ಸೆಟ್ ಸಮೇತ ಬಂದ. ಅಫಜಲಪುರದ ಮಲ್ಲಣ್ಣನೂ ಬಂದ. ಜೇವರ್ಗಿ ದೂರ, ಎರಡು ದಿನ ತಡವಾದೀತು ಎಂದುಕೊಂಡಳು. ಹದಿಮೂರರ ಮಧ್ಯಾಹ್ನ ಸುಮ್ಮನೆ ಕಿವಿಗೆ ಹೆಡ್‌ಫೋನ್ ಹಚ್ಚಿದಳು.

ಜೇವರ್ಗಿ ಮಾತಾಡುತ್ತಿತ್ತು. ಆರಾಮಾಗಿ, ದಿನದಂತೆ.

ಅವಳು ತಕ್ಷಣ ಒತ್ತಿದಳು: ಯಾಕೆ ಮುಚ್ಚಿಲ್ಲ?

ಉತ್ತರ ಬಂತು: ಇನ್ನೂ ಐದು ದಿನ ಇದೆ.

"ಐದು ದಿನ?" ಗುರುಬಾಯಿ ಬಾಯಿಬಿಟ್ಟೇ ಕೇಳಿದಳು. "ಚಾಚಾ, ಇವತ್ತು ಹದಿಮೂರಲ್ಲೇನು?"

ಖಾದರಸಾಬ ಚಿಂದಿಗೆ ಕೈ ಒರೆಸಿಕೊಳ್ಳುತ್ತ ಯೋಚಿಸಿದ. ಅವನೂ ಆಚೆಯ ಸೀಮೆಯವನೇ. "ಈ ಕಡೆ ಹದಿಮೂರು, ಬೇಟಿ. ಅಲ್ಲಿ ಸರ್ಕಾರಿ ಸಾಲಿಯಾಗ ನಿಜಾಮನ ಫಸಲಿ ತಾರೀಖು ಬರೀತಾರ. ಐದಾರು ದಿನ ಹಿಂದ ಇರ್ತದ ಅದು. ಮಾಸ್ತರ ಗ್ವಾಡೀ ಮ್ಯಾಲಿನ ಕ್ಯಾಲೆಂಡರ್ ನೋಡ್ಯಾನ."

ಗಡಿಗೆ ಅಂಟಿಕೊಂಡ ಊರುಗಳ ಆ ಇಬ್ಬರೂ ಅಂಗ್ರೇಜಿ ತಾರೀಖು ಬಳಸಿದವರು. ಇವನು ದಿನಾ ಬೆಳಗ್ಗೆ ಹಲಗೆಯ ಮೇಲೆ ಫಸಲಿ ಬರೆಯುವ ಮಾಸ್ತರ. ತಿಂಗಳ ಹೆಸರೊಂದನ್ನು ಒತ್ತಿದ್ದರೆ ಇದು ಆಗುತ್ತಿರಲಿಲ್ಲ. ಉಳಿಸಿದ್ದು ಐದು ಸೆಕೆಂಡು. ತಪ್ಪು ಪೂರಾ ತನ್ನದೇ.

ಒತ್ತಿದಳು: ತಾರೀಖು ತಪ್ಪಿದೆ. ಈಗಲೇ ಮುಚ್ಚಿ.

ಅವಳ ಕೈ ನಡುಗಿ ತಾಳ ತಪ್ಪಿತು. ಆಚೆಯಿಂದ ಅವನು ಒತ್ತಿದ: ನೀವು ಯಾರು? ಈ ಕೈ ಅವರದಲ್ಲ.

ಅವಳು ಕಲಿಸಿದ್ದನ್ನೇ ಅವನು ಮಾಡುತ್ತಿದ್ದ. ಒಳ್ಳೆಯ ವಿದ್ಯಾರ್ಥಿ! ಗಡಿಯಾರದಲ್ಲಿ ಮೂರು ನಿಮಿಷ ಆಗಿತ್ತು. ತಾನೇ ಎಂದು ನಂಬಿಸಲು ಅವರಿಬ್ಬರ ಹೊರತು ಯಾರಿಗೂ ಗೊತ್ತಿಲ್ಲದ್ದು ಬೇಕು. ಅಂಥದ್ದು ಒಂದಿತ್ತು. ಅದನ್ನು ಅವಳು ಯಾರಿಗೂ, ಅವನಿಗೂ, ಎಂದೂ ಹೇಳಬಾರದೆಂದು ಇಟ್ಟುಕೊಂಡಿದ್ದಳು.

ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಒತ್ತಿದಳು: ನನ್ನ ಪೆನ್ಸಿಲ್ ನೀವು ಕದ್ದಿರಿ. ಎಡ ಕಿಸೆ. ನಾನು ನೋಡಿದೆ. ಬೇಕೆಂದೇ ಸುಮ್ಮನಿದ್ದೆ.

ಹೆಡ್‌ಫೋನಿನಲ್ಲಿ ಬರೀ ಸುಂಯ್ ಸದ್ದು. ಆಮೇಲೆ ಅವನ ಕೈ. ಈಗ ಅದೂ ನಡುಗುತ್ತಿತ್ತು.

ಮುಚ್ಚಿದೆ.

ನಾಲ್ಕು ನಿಮಿಷಕ್ಕೆ ಹನ್ನೊಂದು ಸೆಕೆಂಡು ಬಾಕಿ ಇತ್ತು.

ಮುಂದಿನ ನಾಲ್ಕು ದಿನ ಗುರುಬಾಯಿ ಅಳಲಿಲ್ಲ. ಊಟ ಮಾಡಿದಳು, ಬ್ಯಾಟರಿಗೆ ನೀರು ಹಾಕಿದಳು, ದಶರಥನಿಗೆ ಕಾರಣವಿಲ್ಲದೆ ಎರಡು ಸಲ ಬೈದಳು. ಜೇವರ್ಗಿ ಕಡೆ ಮೋಟಾರು ಬಂದಿತ್ತಂತೆ, ಇಜೇರಿಯ ಶಾಲೆ ಜಾಲಾಡಿದರಂತೆ ಎಂಬ ಸುದ್ದಿ ಬಂತು. ಕೆಲವರು ಯಾರೋ ಸಿಕ್ಕರು ಎಂದರು, ಕೆಲವರು ಯಾರೂ ಸಿಗಲಿಲ್ಲ ಎಂದರು.

ಐದನೆಯ ದಿನ ಗಿರಣಿ ಭರ್ತಿ ನಡೆದಿತ್ತು. ಹೆಂಗಸರು ಜೋಳದ ಬುಟ್ಟಿ ಇಟ್ಟು ಸಾಲಾಗಿ ಕೂತಿದ್ದರು. ಬಾಗಿಲಿಗೆ ಅಡ್ಡ ಬಂದು ನಿಂತವನ ಕಾಲು ಮೊಣಕಾಲವರೆಗೆ ಕೆಸರಾಗಿತ್ತು, ಗಡ್ಡ ಬೆಳೆದಿತ್ತು.

ಗುರುಬಾಯಿ ಅವನ ಹತ್ತಿರ ಹೋಗಿ ಕಿವಿಯ ಬಳಿ ಕೂಗಿದಳು. "ಸೆಟ್ ಎಲ್ಲಿ?"

"ಭೀಮಾ ಹೊಳೀಗೆ ಹಾಕಿದ್ನಿ ರಿ! ಬೆನ್ನು ಹತ್ತಿದ್ರು!"

"ಚೊಲೊ ಮಾಡಿದ್ರಿ! ತಪ್ಪು ನಂದು! ತಿಂಗಳ ಹೆಸರು ಹೇಳಬೇಕಿತ್ತು!"

"ಇರ್ಲಿ ಬಿಡ್ರಿ! ಹೇಳಿದ್ರ ಪೆನ್ಸಿಲ್ ಮಾತು ಬರ್ತಿದ್ದಿಲ್ಲ!" ಅವನು ಉಸಿರು ತೆಗೆದುಕೊಂಡ. "ನನ್ನ ಮದಿವಿ ಮಾಡ್ಕೊಳ್ತೀರೇನು?"

ಇದಕ್ಕೆ ಕೂಗಿ ಉತ್ತರಿಸುವುದು ಅವಳಿಂದಾಗಲಿಲ್ಲ. ಹಿಂದೆ ಸರಿದು, ದನಿ ತೆಗೆಯದೆ ಬರೀ ತುಟಿ ಅಲ್ಲಾಡಿಸಿದಳು. ಎಂಜಿನ್ನಿನ ಗದ್ದಲದಲ್ಲಿ ಗಿರಣಿಯವರು ಮಾತಾಡುವುದೇ ಹಾಗೆ. ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಮಾಸ್ತರನಿಗೆ ಅದು ಬರುತ್ತಿರಲಿಲ್ಲ. ಕಣ್ಣು ಪಿಳುಕಿಸಿದ. "ಆಂ? ಏನಂದ್ರಿ?"

ಆದರೆ ಖಾದರಸಾಬನಿಗೆ ಬರುತ್ತಿತ್ತು. ಹದಿನೈದು ವರ್ಷದಿಂದ ಇದೇ ಗಿರಣಿಗೆ ಜೋಳ ತರುತ್ತಿದ್ದ ಹೆಂಗಸರಿಗೂ ಬರುತ್ತಿತ್ತು. ಖಾದರಸಾಬ ಎಂಜಿನ್ ನಿಲ್ಲಿಸಿದ. ಪಟ್ಟಾ ಕುಂಯ್‌ಗುಟ್ಟುತ್ತ ನಿಂತಿತು.

ಗಿರಣಿಯೆಲ್ಲ ನಿಶ್ಶಬ್ದವಾದಾಗ ಮಾಸ್ತರ ಮತ್ತೊಮ್ಮೆ, ಹಾಗೆಯೇ ಕೂಗಿ ಕೇಳಿದ. "ಏನಂದ್ರಿ?!"

ಮುದುಕಿ ಮಾಳಮ್ಮ ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು ಎದ್ದಳು. "ಎಪ್ಪಾ, ನಮಗೆಲ್ಲಾ ಕೇಳ್ಸೇದ, ನಿನಗೊಬ್ಬಂಗ ಕೇಳ್ಸಿಲ್ಲೇನು? ಇಂಥಾ ಕಿವುಡನ್ನ ಆರಿಸ್ಕೊಂಡೀಯಲ್ಲ ಬೇ ಗುರುಬಾಯಿ!"

ಸಾಲಿನಲ್ಲಿ ಕೂತ ಹೆಂಗಸರು ಒಂದೇ ದನಿಯಲ್ಲಿ ಅವನಿಗೆ ಹೇಳಿದರು:

"ಹೂಂ ಅಂದಾಳ!"